ಮಿಷನ್ನಿಗೆ ಧೂಳು ಆಗಿಬರಲ್ಲ

ಸಂಜೆ ಮನೆಗೆ ಹೋಗಿ ಮೂಗು ಸೀಟಿದರೆ ಗೊತ್ತಾಗುತ್ತಿತ್ತು, ಅವತ್ತು ಕಾಫಿಯ ಸಿಪ್ಪೆ ಬಿಡಿಸುವ ಹಲ್ಲರ್‌ಗೆ ಬಿದ್ದಿದ್ದು ಪಾರ್ಚ್‌ಮೆಂಟೋ ಚೆರ್ರಿಯೋ ಅಂತ. ಹಣ್ಣಿನ ತೊಗಟೆ ತೆಗೆದು ಒಣಗಿಸಿದ ಪಾರ್ಚ್‌ಮೆಂಟ್ ಆದರೆ ಕರ್ಚೀಫಿನ ಮೇಲೆ ಗೋಧಿಹಿಟ್ಟಿನ ಬಣ್ಣ. ಇಡೀ ಹಣ್ಣನ್ನೇ ಒಣಗಿಸಿದ ರೋಬಸ್ಟಾ ಚೆರ್ರಿ ಆದರೆ ಕಪ್ಪು, ಹೊಗೆಸೊಪ್ಪು ಅರೆದ ಹಾಗೆ. ತಿಂಡಿ ತಿನ್ನುತ್ತಾ ಓದುತ್ತಿದ್ದರೆ ಕ್ಷಮಿಸಿ. ಆದರೆ ಈ ಬರಹ ಶುರುವಾಗಬೇಕಾದ ಜಾಗ ಅದೇ.

ಚಿಕ್ಕಮಗಳೂರಿನ ಹೊರಗೆ ಒಂದು ಕಾಫಿ ಕ್ಯೂರಿಂಗ್‌ನಲ್ಲಿ ನಾನು 11 ವರ್ಷ ಸೂಪರ್‌ವೈಸರ್ ಆಗಿದ್ದೆ. ಯಾವುದು ಅಂತ ಹೇಳುವುದಿಲ್ಲ, ಕೇಳಬೇಡಿ. ತೋಟದವರು ಕಳಿಸಿದ ಕಾಫಿಯನ್ನು ಕಣದಲ್ಲಿ ಒಣಗಿಸಿ, ಸಿಪ್ಪೆ ಬಿಡಿಸಿ, ಜರಡಿ ಹಿಡಿದು, ಕರಿಕಾಳು ಆರಿಸಿ, ಚೀಲಕ್ಕೆ ತುಂಬಿ ಲಾರಿ ಹತ್ತಿಸುವುದು ನಮ್ಮ ಕೆಲಸ. ಬಾಬಾಬುಡನ್ ಏಳು ಬೀಜ ತಂದ ಕಥೆಯನ್ನು ಪ್ರವಾಸಿಗರಿಗೆ ಎಲ್ಲರೂ ಹೇಳುತ್ತಾರೆ. ಬೀಜದ ಹೊಟ್ಟು ಎಲ್ಲಿಗೆ ಹೋಗುತ್ತದೆ ಅಂತ ಯಾರೂ ಹೇಳುವುದಿಲ್ಲ. ಬಹುಪಾಲು ಬ್ಲೋವರ್ ಎಳೆದುಕೊಂಡು ಹೊಟ್ಟಿನ ರೂಮಿಗೆ ಹಾಕುತ್ತದೆ. ಉಳಿದದ್ದು ತೊಲೆಯ ಮೇಲೆ, ರೆಪ್ಪೆಯ ಮೇಲೆ, ಟಿಫನ್ ಡಬ್ಬಿಯ ಮುಚ್ಚಳದ ಮೇಲೆ.

2020ಕ್ಕೆ ಮೊದಲು ನಮ್ಮಲ್ಲಿ ಮಾಸ್ಕ್ ಅನ್ನುವ ಮಾತೇ ಇರಲಿಲ್ಲ. ಗಂಡಸರು ಟವೆಲ್ ಕಟ್ಟುತ್ತಿದ್ದರು. ಕಾಳು ಆರಿಸುವ ಹೆಂಗಸರು ಸೆರಗನ್ನು ಮೂಗಿನವರೆಗೆ ಎಳೆದುಕೊಂಡು, ತುದಿಯನ್ನು ಕಿವಿಯ ಹಿಂದೆ ಸಿಕ್ಕಿಸುತ್ತಿದ್ದರು. ಟೀ ಹೊತ್ತಿಗೆ ಟವೆಲ್ ಬಿಚ್ಚಿದರೆ ಮೂಗಿನ ಎರಡು ಹೊಳ್ಳೆಗಳ ಜಾಗದಲ್ಲಿ ಎರಡು ಕಂದು ಚುಕ್ಕೆ. ಯಾರಿಗೂ ಅದೊಂದು ವಿಷಯ ಅನ್ನಿಸಿರಲಿಲ್ಲ. ನನಗೂ ಅನ್ನಿಸಿರಲಿಲ್ಲ. ಟವೆಲ್ಲಿನ ಬಗ್ಗೆ ನನಗಿದ್ದ ಭಯ ಒಂದೇ. ಅದರ ಜೋತುಬಿದ್ದ ತುದಿ ಎಲ್ಲಾದರೂ ಬೆಲ್ಟಿಗೆ ಸಿಕ್ಕೀತು ಅಂತ.

ಆಮೇಲೆ ಕೊರೋನಾ ಬಂತು. 2020ರ ಮೇ ಮೊದಲ ವಾರದಲ್ಲಿ ನಮ್ಮ ಜಿಲ್ಲೆಯೂ ಪಕ್ಕದ ಹಾಸನವೂ ಹಸಿರು ವಲಯದಲ್ಲಿದ್ದವು. ಒಂದೂ ಕೇಸಿಲ್ಲ ಅಂತ ನಾವೆಲ್ಲ ಬೀಗುತ್ತಿದ್ದ ದಿನಗಳು. ಅದೇ ತಿಂಗಳಲ್ಲಿ ಎರಡೂ ಕಡೆ ಕೇಸು ಬಂದು ಆ ಜಂಬ ಇಳಿಯಿತು. ಕೆಲಸ ಮತ್ತೆ ಶುರುವಾದಾಗ ಗೇಟಿನಲ್ಲಿ ಸ್ಯಾನಿಟೈಸರ್, ಹಣೆಗೆ ಹಿಡಿಯುವ ಥರ್ಮಾಮೀಟರ್, ಜೊತೆಗೆ ಒಂದು ರಟ್ಟಿನ ಪೆಟ್ಟಿಗೆ ತುಂಬಾ ನೀಲಿ ಮಾಸ್ಕ್. ಒಂದು ರಿಜಿಸ್ಟರ್ ಕೂಡ. ಹೆಸರು, ತಾರೀಕು, ಕೊಟ್ಟ ಮಾಸ್ಕ್ ಎಷ್ಟು, ಸಹಿ ಅಥವಾ ಹೆಬ್ಬೆಟ್ಟು. ಆ ರಿಜಿಸ್ಟರಿನ ಉಸ್ತುವಾರಿ ನನಗೆ ಬಿತ್ತು. ಒಂದೇ ವಾರದಲ್ಲಿ ನಾನು ಸೂಪರ್‌ವೈಸರ್ ಹೋಗಿ ಮಾಸ್ಕ್ ಪೊಲೀಸ್ ಆದೆ.

ಹೊರಗೆ ನಿಜವಾದ ಪೊಲೀಸರೂ ಇದ್ದರು ಅನ್ನಿ. ಆ ವರ್ಷ ಮಾಸ್ಕ್ ಇಲ್ಲದಿದ್ದರೆ ನಗರಗಳಲ್ಲಿ ಸಾವಿರ ರೂಪಾಯಿ, ಉಳಿದ ಕಡೆ ಐನೂರು ಅಂತ ಸರ್ಕಾರ ದಂಡ ಏರಿಸಿತ್ತು. ಜನ ಬೈದ ಮೇಲೆ ಅಕ್ಟೋಬರ್‌ನಲ್ಲಿ ಪಾಲಿಕೆ ಊರುಗಳಿಗೆ 250, ಉಳಿದ ಕಡೆ 100 ಅಂತ ಇಳಿಸಿತು. ನಮ್ಮದು ನಗರಸಭೆ, ಹಾಗಾಗಿ ನೂರು. 'ನಮ್ಮ ಊರಿನ ವೈರಸ್ಸು ಚೀಪು ಸಾರ್' ಅಂತ ಹಲ್ಲರ್ ಆಪರೇಟರ್ ಅಣ್ಣ ನಗುತ್ತಿದ್ದ.

ಈ ಅಣ್ಣನೇ ನಮ್ಮ ಕಡೆಯ ವಿರೋಧ ಪಕ್ಷ. ಮಾಸ್ಕ್ ಹಾಕಿದರೆ ಬಿಟ್ಟ ಗಾಳಿಯನ್ನೇ ಮತ್ತೆ ಎಳೆದುಕೊಂಡು ರಕ್ತ ಕೆಡುತ್ತೆ ಅಂತ ಯಾರೋ ಕಳಿಸಿದ ವಿಡಿಯೋ ಅವನ ಮೊಬೈಲಿನಲ್ಲಿತ್ತು. ಆಡಳಿತ ಪಕ್ಷ ಅಂದರೆ ಆಫೀಸಿನ ಅಕೌಂಟೆಂಟ್. ಎಸಿ ಇಲ್ಲದಿದ್ದರೂ ಫ್ಯಾನ್ ಇರುವ ರೂಮಿನಲ್ಲಿ ಕೂತು, ಎರಡು ಮಾಸ್ಕ್ ಒಂದರ ಮೇಲೊಂದು ಹಾಕಿಕೊಂಡು, ಹಾಕದವರೆಲ್ಲ ಕೊಲೆಗಾರರು ಅನ್ನುತ್ತಿದ್ದರು. ಟೀ ಬಿಡುವಿನಲ್ಲಿ ಇಬ್ಬರಿಗೂ ಜಗಳ. ಟೀ ಕುಡಿಯಲು ಇಬ್ಬರೂ ಮಾಸ್ಕ್ ಗಲ್ಲಕ್ಕೆ ಇಳಿಸಿರುತ್ತಿದ್ದರು, ಅದು ಬೇರೆ ಮಾತು.

ಅಣ್ಣನ ವಿಡಿಯೋಗೆ ನಾನೇ ಒಂದು ಉತ್ತರ ಹುಡುಕಿದೆ. ಆಶಾ ಕಾರ್ಯಕರ್ತೆ ಅಕ್ಕ ಬಂದಿದ್ದಾಗ ಅವರ ಆಕ್ಸಿಮೀಟರ್ ಕೇಳಿ ತಗೊಂಡು, ಎರಡು ಗಂಟೆ ಮಾಸ್ಕಿನಲ್ಲೇ ಕೆಲಸ ಮಾಡಿದ್ದ ಅಣ್ಣನ ಬೆರಳಿಗೆ ಹಾಕಿದೆ. ರಕ್ತದಲ್ಲಿ ಆಮ್ಲಜನಕ 97 ತೋರಿಸಿತು, ಏನೂ ಕಡಿಮೆಯಿಲ್ಲ. ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಎರಡೂ ಗಾಳಿಯೇ. ಬಟ್ಟೆಯ ಎಳೆಗಳ ನಡುವೆ ಸಲೀಸಾಗಿ ಓಡಾಡುತ್ತವೆ. 'ಆದ್ರೂ ಉಸ್ರು ಕಟ್ಟಿದಂಗಾಗುತ್ತಲ್ಲ ಸಾರ್' ಅಂದ. ಅದೂ ಸುಳ್ಳಲ್ಲ. ಹಲ್ಲರ್ ಪಕ್ಕದ ಸೆಕೆಯಲ್ಲಿ ಮೂಟೆ ಎತ್ತಿಕೊಂಡು ಮಾಸ್ಕ್ ಹಾಕಿ ನೋಡಿ. ಎಳೆಯುವ ಒಂದೊಂದು ಉಸಿರಿಗೂ ಸ್ವಲ್ಪ ದುಡಿಯಬೇಕು. ಒಳಗೆ ಬೆವರು, ಕಿವಿಯ ಹಿಂದೆ ನೋವು, ಕೆಲವರಿಗೆ ತಲೆನೋವು, ಕೆನ್ನೆಯ ಮೇಲೆ ಗಂಧೆ. ರಕ್ತ ಕೆಡುವುದಿಲ್ಲ. ಆದರೆ ಮನುಷ್ಯ ಸುಸ್ತಾಗುತ್ತಾನೆ. ಅಣ್ಣ ಹೇಳುತ್ತಿದ್ದ ಕಾರಣ ತಪ್ಪು, ಕಷ್ಟ ನಿಜ. ಕಾರಣ ತಪ್ಪಾಗಿದ್ದಕ್ಕೆ ಕಷ್ಟವನ್ನೂ ಸುಳ್ಳು ಮಾಡಿಬಿಟ್ಟೆವು.

ಇನ್ನೊಂದನ್ನು ಯಾವ ವಿಡಿಯೋದಲ್ಲೂ ಯಾರೂ ಹೇಳಲಿಲ್ಲ. ಹಲ್ಲರ್ ಓಡುವಾಗ ಮಾತು ಕೇಳಿಸುವುದಿಲ್ಲ. ನಾವೆಲ್ಲ ತುಟಿ ನೋಡಿ ಮಾತು ಹಿಡಿಯುವವರು. ಎಷ್ಟೋ ವರ್ಷದ ಅಭ್ಯಾಸ. ಮಾಸ್ಕ್ ಬಂದ ಮೇಲೆ ಎಲ್ಲರ ತುಟಿಯೂ ಮುಚ್ಚಿತು. ಒಂದು ದಿನ ಹುಡುಗನೊಬ್ಬ ಕಾಳು ಮೇಲೆತ್ತುವ ಎಲಿವೇಟರಿನ ಹತ್ತಿರ ಕೈ ಹಾಕಿದ್ದ. ನಾನು 'ನಿಲ್ಸೋ' ಅಂತ ಗಂಟಲು ಹರಿಯುವಂತೆ ಕಿರುಚಿದೆ. ಸ್ವಿಚ್ಚಿನ ಹತ್ತಿರ ಇದ್ದವನು ನನ್ನ ಮುಖ ನೋಡಿ ತಲೆ ಆಡಿಸಿದ. ಏನೋ ಹೇಳುತ್ತಿದ್ದಾರೆ ಅಂತ. ಹುಡುಗ ತಾನೇ ಕೈ ತೆಗೆದ, ಬಚಾವಾದ. ಆಮೇಲೆ ಸ್ವಿಚ್ಚಿಗೆ ಒಂದು ಹಗ್ಗ ಕಟ್ಟಿ ನನ್ನ ಜಾಗದವರೆಗೆ ಎಳೆಸಿಕೊಂಡೆ.

ಮಾಸ್ಕ್ ಕೆಲಸ ಮಾಡುತ್ತಾ ಇಲ್ಲವಾ ಅನ್ನುವ ಜಗಳ ಹೊಸದೇನಲ್ಲ. 1910–11ರ ಚಳಿಗಾಲದಲ್ಲಿ ಚೀನಾದ ಮಂಚೂರಿಯಾದಲ್ಲಿ ಶ್ವಾಸಕೋಶದ ಪ್ಲೇಗ್ ಬಂದಾಗ, ಈಗಿನ ಮಲೇಷ್ಯಾದ ಪೆನಾಂಗ್‌ನಲ್ಲಿ ಹುಟ್ಟಿದ ವೈದ್ಯ ವು ಲಿಯೆನ್‌ತೇ, ಇದು ಉಸಿರಿನಿಂದ ಹರಡುತ್ತಿದೆ, ಹತ್ತಿ ಇಟ್ಟ ಬ್ಯಾಂಡೇಜಿನ ತೆಳು ಬಟ್ಟೆ ಕಟ್ಟಿಕೊಳ್ಳಿ ಅಂದರು. ಮೆನಿ ಅನ್ನುವ ಫ್ರೆಂಚ್ ವೈದ್ಯರು ಒಪ್ಪಲಿಲ್ಲ. ಮುಖ ಮುಚ್ಚದೆ ರೋಗಿಗಳನ್ನು ನೋಡಿದರು. ಕೆಲವೇ ದಿನಗಳಲ್ಲಿ ತೀರಿಹೋದರು. 1919ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಫ್ಲೂ ಕಾಲದ ಮಾಸ್ಕ್ ನಿಯಮದ ವಿರುದ್ಧ ಒಂದು ಸಂಘವನ್ನೇ ಕಟ್ಟಿದ್ದರು. ನೂರು ವರ್ಷವಾದರೂ ಎರಡೂ ಪಕ್ಷದವರು ನಮ್ಮ ಟೀ ಬೆಂಚಿನ ಮೇಲೆ ಕೂತೇ ಇದ್ದರು.

ದೊಡ್ಡವರೂ ಒಂದೇ ಮಾತಿಗೆ ನಿಲ್ಲಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮೊದಮೊದಲು ಕಾಯಿಲೆಯವರಿಗೆ, ಅವರನ್ನು ನೋಡಿಕೊಳ್ಳುವವರಿಗೆ ಸಾಕು ಅಂದಿತ್ತು. 2020ರ ಜೂನ್ 5ಕ್ಕೆ, ದೂರ ನಿಲ್ಲಲಾಗದ ಕಡೆ ಎಲ್ಲರೂ ಬಟ್ಟೆ ಮಾಸ್ಕ್ ಹಾಕುವುದು ಒಳ್ಳೆಯದು ಅಂದಿತು. ಡೆನ್ಮಾರ್ಕ್‌ನಲ್ಲಿ ಸುಮಾರು 6000 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾಸ್ಕ್ ಕೊಟ್ಟು ನೋಡಿದರು. ಅವರಲ್ಲಿ ನೂರಕ್ಕೆ 1.8, ಇನ್ನೊಂದು ಗುಂಪಿನಲ್ಲಿ 2.1 ಮಂದಿಗೆ ಸೋಂಕು. ಹೆಚ್ಚುಕಡಿಮೆ ಒಂದೇ. ಬಾಂಗ್ಲಾದೇಶದ 600 ಹಳ್ಳಿಗಳಲ್ಲಿ ಸುಮಾರು 3 ಲಕ್ಷ 40 ಸಾವಿರ ಜನರ ಮೇಲೆ ನಡೆದ ಅಧ್ಯಯನ ಬೇರೆ ಕಥೆ ಹೇಳಿತು. ಪುಕ್ಕಟೆ ಮಾಸ್ಕ್ ಕೊಟ್ಟು, ಮನೆಮನೆಗೆ ಹೋಗಿ ಹೇಳಿದ ಕಡೆ ಸರಿಯಾಗಿ ಹಾಕುವವರು ನೂರಕ್ಕೆ 13 ಇದ್ದದ್ದು 42 ಆಯಿತು. ರೋಗಲಕ್ಷಣ ಇದ್ದ ಸೋಂಕು ಶೇಕಡಾ 9ರಷ್ಟು ಇಳಿಯಿತು. ಸರ್ಜಿಕಲ್ ಮಾಸ್ಕ್ ಕೊಟ್ಟ ಹಳ್ಳಿಗಳಲ್ಲಿ 60 ದಾಟಿದವರಲ್ಲಿ ಇಳಿಕೆ ಶೇಕಡಾ 35.

ಅಣ್ಣ ಡೆನ್ಮಾರ್ಕಿನ ಸುದ್ದಿ ಹಿಡಿದುಕೊಂಡ. ಅಕೌಂಟೆಂಟ್ ಬಾಂಗ್ಲಾ ಸುದ್ದಿ. ಇಬ್ಬರದ್ದನ್ನೂ ಮನೆಯಲ್ಲಿ ಕೂತು ಓದಿದಾಗ ನನಗೆ ಕಂಡದ್ದು ಇಷ್ಟು. ಇವೆಲ್ಲ, ಮಾಸ್ಕ್ ಹಾಕಿ ಅಂತ ಜನಕ್ಕೆ ಹೇಳಿದರೆ ಏನಾಗುತ್ತದೆ ಅಂತ ನೋಡಿದ ಅಧ್ಯಯನಗಳು. ಡೆನ್ಮಾರ್ಕಿನಲ್ಲಿ ಹಾಕಿ ಅಂದವರಲ್ಲಿ ಅರ್ಧದಷ್ಟು ಮಂದಿ ಮಾತ್ರ ಹೇಳಿದಂತೆ ಹಾಕಿದ್ದರು. ಆ ಬಟ್ಟೆ ಏನು ಮಾಡಬಲ್ಲದು ಅನ್ನುವುದು ಬೇರೆ ಪ್ರಶ್ನೆ. ಗಲ್ಲದ ಮೇಲೆ ಕೂತ ಮಾಸ್ಕ್ ಎಷ್ಟು ಕೆಲಸ ಮಾಡುತ್ತೆ ಅಂತ ತಿಳಿಯಲು ನಮ್ಮ ಟೀ ಬೆಂಚು ಸಾಕಿತ್ತು.

ನಮ್ಮ ಜನ ಮಾಸ್ಕ್ ಅಂದರೆ ಜರಡಿ ಅಂತಲೇ ತಿಳಿದಿದ್ದರು. ಸಹಜ. ದಿನವಿಡೀ ಜರಡಿಯ ಜೊತೆಗೇ ಬದುಕು. 6.65 ಮಿಲಿಮೀಟರ್ ತೂತಿನ ಜರಡಿಯ ಮೇಲೆ ನಿಂತದ್ದು ಎ ಗ್ರೇಡು, 6 ಮಿಲಿಮೀಟರಿನ ಮೇಲೆ ನಿಂತದ್ದು ಬಿ. ಹಾಗಾಗಿ 'ವೈರಸ್ಸು ತೂತಿಗಿಂತ ಸಣ್ಣದಲ್ವಾ ಸಾರ್, ಹೆಂಗೆ ನಿಲ್ಲುತ್ತೆ?' ಅಂತ ಕೇಳಿದರೆ ತಪ್ಪೇನಿಲ್ಲ. ಆದರೆ ನಮ್ಮಲ್ಲಿ ನೀಲಿಯ ಜೊತೆಗೆ ಕೊಡುತ್ತಿದ್ದ ಎನ್‌95 ಮಾಸ್ಕ್ ಜರಡಿಯಲ್ಲ, ಚಾರ್ಮಾಡಿ ಘಾಟಿ ಇದ್ದ ಹಾಗೆ. ಎಳೆಗಳ ನಡುವೆ ಗಾಳಿ ತಿರುವು ಮುರುವಾಗಿ ಹೋಗುತ್ತದೆ. ದಪ್ಪ ಕಣಗಳು ಲೋಡಾದ ಲಾರಿಯ ಹಾಗೆ, ತಿರುವಿನಲ್ಲಿ ತಿರುಗಲಾರದೆ ಎಳೆಗೆ ಗುದ್ದಿ ನಿಲ್ಲುತ್ತವೆ. ತೀರಾ ಸಣ್ಣವು ಕುಡಿದವರ ಹಾಗೆ ಅತ್ತಿತ್ತ ತೂರಾಡಿ ಎಲ್ಲೋ ಒಂದು ಕಡೆ ಅಂಟಿಕೊಳ್ಳುತ್ತವೆ. ತಪ್ಪಿಸಿಕೊಳ್ಳುವುದರಲ್ಲಿ ಜಾಣರು ನಡುವಿನವು, 0.3 ಮೈಕ್ರಾನ್ ಆಸುಪಾಸಿನವು. ಅಂಥವುಗಳನ್ನೇ ನೂರಕ್ಕೆ 95 ಹಿಡಿದರೆ ಎನ್‌95. ಇದರ ಜೊತೆಗೆ ಆ ಎಳೆಗಳಿಗೆ ವಿದ್ಯುತ್ತಿನ ಸೆಳೆತ ಕೊಟ್ಟಿರುತ್ತಾರೆ. ತಲೆ ಬಾಚಿದ ಬಾಚಣಿಗೆ ಕಾಗದದ ಚೂರು ಎಳೆಯುತ್ತದಲ್ಲ, ಹಾಗೆ. ನಮ್ಮ ಒಬ್ಬ ಅಕ್ಕ ಕೊಟ್ಟ ಮಾಸ್ಕನ್ನು ಸೋಪು ಹಾಕಿ ಒಗೆದು, ತಂತಿಯ ಮೇಲೆ ಒಣಗಿಸಿ, ನೀಟಾಗಿ ಮಡಿಸಿ ತರುತ್ತಿದ್ದರು. ಅಷ್ಟು ಚೊಕ್ಕ ಹೆಂಗಸು. ಸೋಪಿಗೆ ಆ ಸೆಳೆತವೇ ಹೋಗಿಬಿಡುತ್ತದೆ ಅಂತ ಹೇಳಲು ನನಗೇ ಸಂಕಟವಾಯಿತು. ದಿನಕ್ಕೊಂದು ಹೊಸದು ಕೊಡುವಷ್ಟು ನಮ್ಮಲ್ಲಿ ಇರಲೂ ಇಲ್ಲ.

ಇನ್ನೊಂದು ತೊಡಕು ಗಡ್ಡ. ಮುಖಕ್ಕೆ ಅಂಟಿ ಕೂತರೆ ಮಾತ್ರ ಎನ್‌95ಕ್ಕೆ ಬೆಲೆ. ಕುರುಚಲು ಗಡ್ಡ ಇದ್ದರೂ ಅಂಚಿನಿಂದ ಗಾಳಿ ನುಗ್ಗುತ್ತದೆ. ನಮ್ಮಲ್ಲಿ ಹಲ್ಲಿಂಗ್ ಬಿರುಸಾಗುವುದು ಡಿಸೆಂಬರ್, ಜನವರಿಯಲ್ಲಿ. ಅಯ್ಯಪ್ಪನ ಮಾಲೆಯ ಕಾಲವೂ ಅದೇ. ಹಲ್ಲರ್ ಕಡೆಯ ಅರ್ಧ ಗಂಡಸರು ಕಪ್ಪು ಬಟ್ಟೆ, ಗಡ್ಡ. ಮಾಸ್ಕ್ ತಯಾರಿಸಿದವರು ಪೊಟ್ಟಣದ ಮೇಲೆ ಕ್ಷೌರ ಮಾಡಿದ ಮುಖದ ಚಿತ್ರ ಹಾಕಿರುತ್ತಾರೆ. 'ಸ್ವಾಮಿ, ಗಡ್ಡ ತೆಗೀರಿ' ಅಂತ ನಾನು ಹೇಳುವುದು ಹೇಗೆ?

ಆ ಮಾಸ್ಕುಗಳಲ್ಲಿ ಕೆಲವಕ್ಕೆ ಮುಂದೆ ಪುಟ್ಟ ಕವಾಟ ಇತ್ತು. ಅದನ್ನು ಕಂಡರೆ ಎಲ್ಲರಿಗೂ ಇಷ್ಟ. ಬಿಟ್ಟ ಉಸಿರು ಸಲೀಸಾಗಿ ಹೊರಗೆ ಹೋಗುತ್ತದೆ, ಸೆಕೆ ಕಡಿಮೆ. 2020ರ ಜುಲೈನಲ್ಲಿ ಕೇಂದ್ರ ಆರೋಗ್ಯ ಇಲಾಖೆ, ಕವಾಟದ ಮಾಸ್ಕ್ ವೈರಸ್ಸನ್ನು ಹೊರಗೆ ಹೋಗದಂತೆ ತಡೆಯುವುದಿಲ್ಲ, ಬೇಡ ಅಂತ ರಾಜ್ಯಗಳಿಗೆ ಬರೆಯಿತು. ನಾನು ಕವಾಟದವನ್ನೆಲ್ಲ ವಾಪಸ್ ತಗೊಂಡೆ. ಅಣ್ಣ ಕೊಡುವಾಗ ಒಂದು ಮಾತು ಕೇಳಿದ. 'ಸಾರ್, ಧೂಳನ್ನ ನಾನು ಹೊರಗೆ ಬಿಡ್ತೀನಾ, ಒಳಗೆ ತಗೋತೀನಾ?'

ಅಲ್ಲಿಗೆ ನನ್ನ ತಲೆಯಲ್ಲಿ ಏನೋ ಕಳಚಿತು. ಇಷ್ಟು ದಿನ ನಾವು ಜಗಳ ಆಡಿದ್ದು ವೈರಸ್ಸಿನ ಬಗ್ಗೆ. ವೈರಸ್ಸು ಬರುವ ಹತ್ತಾರು ವರ್ಷ ಮೊದಲೇ ಆ ಶೆಡ್ಡಿನಲ್ಲಿ ಧೂಳು ಇತ್ತು. ಅದಕ್ಕೆ ಯಾರೂ ಒಂದು ಮಾಸ್ಕ್ ಕೊಟ್ಟಿರಲಿಲ್ಲ, ಒಂದು ರಿಜಿಸ್ಟರ್ ಇಟ್ಟಿರಲಿಲ್ಲ, ನೂರು ರೂಪಾಯಿ ದಂಡ ಹಾಕಿರಲಿಲ್ಲ. ಇಥಿಯೋಪಿಯಾ, ಟಾಂಜಾನಿಯಾದ ಕಾಫಿ ಕಾರ್ಖಾನೆಗಳಲ್ಲಿ ನಡೆದ ಅಧ್ಯಯನಗಳಲ್ಲಿ, ಅಲ್ಲಿನ ಕಾರ್ಮಿಕರಿಗೆ ಬೇರೆ ಕೆಲಸದವರಿಗಿಂತ ಕೆಮ್ಮು, ಉಬ್ಬಸ ಜಾಸ್ತಿ ಅಂತ ಕಂಡಿದೆ. ಹುರಿಯದ ಹಸಿರು ಕಾಫಿಯ ಧೂಳು ಕೆಲವರಿಗೆ ಅಸ್ತಮಾ ತರುತ್ತದೆ. ಮೊದಲು ಹರಳು, ಅಂದರೆ ಹರಳೆಣ್ಣೆಯ ಬೀಜ, ತುಂಬಿದ್ದ ಗೋಣಿಚೀಲಕ್ಕೆ ಕಾಫಿ ತುಂಬಿದರೆ ಹರಳಿನ ಪುಡಿಯೂ ಸೇರಿ ಇನ್ನೂ ಕೆಟ್ಟದು. ಇದನ್ನೆಲ್ಲ ನಾನು ಓದಿದ್ದು ಕೊರೋನಾ ಪುಣ್ಯದಿಂದ.

ತೋಟದಲ್ಲೂ ಇದೇ ಕಥೆ. ನಮ್ಮ ಭಾವನ ತೋಟದಲ್ಲಿ ಮಳೆಗಾಲಕ್ಕೆ ಮುಂಚೆ ಗಿಡದ ರೋಗಕ್ಕೆ ಬೋರ್ಡೋ ಔಷಧಿ ಹೊಡೆಯುವವರು ನೀಲಿಯಾಗಿ ಮನೆಗೆ ಹೋಗುತ್ತಾರೆ. ಮೈಲುತುತ್ತ, ಸುಣ್ಣ, ನೀರು. 'ಏನೂ ಆಗಲ್ಲ, ನಮ್ಮಪ್ಪನ ಕಾಲದಿಂದ ಹೊಡೀತಿದೀವಿ' ಅನ್ನುತ್ತಾರೆ ಭಾವ. ಪೋರ್ಚುಗಲ್‌ನ ದ್ರಾಕ್ಷಿ ತೋಟಗಳಲ್ಲಿ ಇದೇ ಔಷಧಿ ಹೊಡೆದವರ ಶ್ವಾಸಕೋಶ ಕೆಟ್ಟದ್ದನ್ನು 1969ರಲ್ಲೇ ವೈದ್ಯರು ಬರೆದಿಟ್ಟಿದ್ದಾರೆ. ಭಾವನಿಗೆ ಹೇಳಿದೆ. ಕಾಫಿ ಕೊಟ್ಟು ಕಳಿಸಿದರು.

ಈಗ ನನ್ನ ತಪ್ಪಿಗೆ ಬರುತ್ತೇನೆ. ನಮ್ಮ ಬ್ಲೋವರ್ ಪೈಪು ಎರಡು ಕಡೆ ತೂತಾಗಿತ್ತು. ಬಟ್ಟೆ ಚೀಲ ಸುತ್ತಿ ಸಣಬಿನ ದಾರ ಬಿಗಿದಿದ್ದೆವು. ಹೊಸ ಪೈಪು, ಧೂಳು ಎಳೆಯುವ ದೊಡ್ಡ ಫ್ಯಾನು ಹಾಕಿಸಲು ಎಸ್ಟಿಮೇಟ್ ತರಿಸಿ ಮೂರು ಸೀಸನ್ ಆಗಿತ್ತು. ಪ್ರತಿ ಸಲ ಸಾವ್ಕಾರ್ರು 'ಮುಂದಿನ ವರ್ಷ ನೋಡಾಣ' ಅನ್ನುತ್ತಿದ್ದರು. ಮಾಸ್ಕ್ ಬಂದ ಮೇಲೆ ಅದೂ ನಿಂತಿತು. 'ಮಾಸ್ಕ್ ಕೊಡ್ತಿದೀವಲ್ಲ.' ಕೊಡುತ್ತಿದ್ದದ್ದು ನಿಜ. ರಿಜಿಸ್ಟರ್ ಇತ್ತು, ಪ್ರತಿ ಪುಟದ ಕೆಳಗೆ ನನ್ನ ಸಹಿ ಇತ್ತು. ಯಾರಾದರೂ ಕೆಮ್ಮಿದರೆ ಮೊದಲು ಬರುತ್ತಿದ್ದ ಪ್ರಶ್ನೆ ಧೂಳು ಎಷ್ಟಿದೆ ಅಂತ ಅಲ್ಲ. 'ಮಾಸ್ಕ್ ಹಾಕಿದ್ಯಾ?' ಅಂತ. ಕೇಳುತ್ತಿದ್ದವನು ನಾನೇ.

1948ರ ಕಾರ್ಖಾನೆ ಕಾಯ್ದೆಯ 14ನೇ ಸೆಕ್ಷನ್ನನ್ನು ಆಗ ಮೊದಲ ಸಲ ಓದಿದೆ. ಧೂಳು ಉಸಿರಿಗೆ ಹೋಗದಂತೆ, ಕೆಲಸದ ಜಾಗದಲ್ಲಿ ಸೇರದಂತೆ ನೋಡಿಕೊಳ್ಳಬೇಕು, ಎಳೆದು ಹಾಕುವ ಯಂತ್ರ ಬೇಕಾದರೆ ಅದು ಧೂಳು ಹುಟ್ಟುವ ಜಾಗಕ್ಕೆ ಆದಷ್ಟು ಹತ್ತಿರ ಇರಬೇಕು ಅಂತ ಇದೆ. ಧೂಳು ಹುಟ್ಟುವ ಜಾಗ ಹಲ್ಲರ್. ನಾವು ಮೂಗಿನ ಹತ್ತಿರ ತಡೆಯಲು ಹೊರಟಿದ್ದೆವು. ಕೆಲಸದ ಜಾಗದ ಆರೋಗ್ಯ ನೋಡುವವರ ಲೆಕ್ಕದಲ್ಲಿಯೂ ಮಾಸ್ಕ್ ಕಟ್ಟಕಡೆಯದು. ಮೊದಲು ಅಪಾಯವನ್ನೇ ತೆಗೆಯಿರಿ, ಆಗದಿದ್ದರೆ ಬದಲಿಸಿ, ಆಗದಿದ್ದರೆ ಯಂತ್ರದಿಂದ ತಡೆಯಿರಿ, ಕೆಲಸದ ಹೊತ್ತು ಕಡಿಮೆ ಮಾಡಿ. ಇಷ್ಟೆಲ್ಲ ಆದಮೇಲೆ ಉಳಿದದ್ದಕ್ಕೆ ಮಾಸ್ಕ್. ಅಣ್ಣನೂ ಅಕೌಂಟೆಂಟೂ ಎರಡು ವರ್ಷ ಜಗಳ ಆಡಿದ್ದು ಆ ಕೊನೆಯ ಮೆಟ್ಟಿಲ ಮೇಲೆ. ಮೇಲಿನ ಮೆಟ್ಟಿಲುಗಳ ಕಡೆ ನಾವ್ಯಾರೂ ಕತ್ತು ಎತ್ತಿರಲಿಲ್ಲ.

ಸೆಕ್ಷನ್ನು ಬರೆದುಕೊಂಡು ಸಾವ್ಕಾರ್ರ ಹತ್ತಿರ ಹೋದೆನಾ? ಹೋದೆ. 'ನೀನು ಲಾಯರ್ ಆಗ್ಬೇಕಿತ್ತು ಕಣಯ್ಯ' ಅಂದರು. ನಗುತ್ತಲೇ ಅಂದರು, ಕೆಟ್ಟವರಲ್ಲ. ನಾನೂ ನಕ್ಕು ವಾಪಸ್ ಬಂದೆ. ಮನೆಯ ಸಾಲ ಇತ್ತು.

2022ರಲ್ಲಿ ನಮ್ಮಲ್ಲಿಗೆ ಹೊಸ ಕಲರ್ ಸಾರ್ಟರ್ ಬಂತು. ಕಾಳು ಮೇಲಿಂದ ಬೀಳುವಾಗ ಕ್ಯಾಮೆರಾ ಬಣ್ಣ ನೋಡುತ್ತದೆ, ಕರಿಕಾಳು ಕಂಡರೆ ಗಾಳಿ ಊದಿ ಪಕ್ಕಕ್ಕೆ ತಳ್ಳುತ್ತದೆ. ಹೆಂಗಸರು ದಿನವಿಡೀ ಬಗ್ಗಿ ಕೂತು ಆರಿಸುತ್ತಿದ್ದದ್ದನ್ನು ಗಂಟೆಗಳಲ್ಲಿ ಮುಗಿಸುತ್ತದೆ. ಕೂರಿಸಲು ಬಂದ ಟೆಕ್ನಿಷಿಯನ್ ಹುಡುಗ ಶೆಡ್ಡಿನ ಒಳಗೆ ಬಂದವನೇ ಸುತ್ತ ನೋಡಿ ತಲೆ ಅಲ್ಲಾಡಿಸಿದ. ಗೋಡೆಯ ಮೇಲೆ ಬೆರಳಿಂದ ಒಂದು ಗೀಟು ಎಳೆದ. ಬೆರಳು ಕಪ್ಪಾಯಿತು. 'ಇಲ್ಲಿ ಆಗಲ್ಲ ಸಾರ್. ಮಿಷನ್ನಿಗೆ ಧೂಳು ಆಗಿಬರಲ್ಲ. ಲೆನ್ಸ್ ಹೋಗುತ್ತೆ.'

ಹದಿನೈದು ದಿನದಲ್ಲಿ ಗಾಜಿನ ರೂಮು ಎದ್ದಿತು. ಎಸಿ ಬಂತು. ಧೂಳು ಎಳೆಯುವ ಫ್ಯಾನು ಬಂತು. ಬ್ಲೋವರ್ ಪೈಪು ಹೊಸದಾಯಿತು, ಗಾಜಿನ ರೂಮಿನ ಪಕ್ಕದಲ್ಲಿ ಹಾದುಹೋಗುವಷ್ಟು ಉದ್ದ ಮಾತ್ರ. ಹಲ್ಲರ್ ಹತ್ತಿರದ ತೂತಿಗೆ ಅದೇ ಬಟ್ಟೆ ಚೀಲ, ಅದೇ ದಾರ. ಎಸ್ಟಿಮೇಟ್ ಯಾರೂ ಕೇಳಲಿಲ್ಲ. ಮುಂದಿನ ವರ್ಷ ಅನ್ನುವ ಮಾತೇ ಬರಲಿಲ್ಲ.

ಆರಿಸುವ ಹೆಂಗಸರಲ್ಲಿ ಮುಕ್ಕಾಲು ಮಂದಿಯನ್ನು ಆ ಸೀಸನ್‌ಗೆ ಕರೆಯಲಿಲ್ಲ. ಉಳಿದವರಲ್ಲಿ ಎಲ್ಲರೂ ಅಜ್ಜಿ ಅಂತ ಕರೆಯುತ್ತಿದ್ದ ಒಬ್ಬರಿದ್ದರು. ನನಗಿಂತ 20 ವರ್ಷ ಹಳಬರು ಅಲ್ಲಿ. ವರ್ಷಾನುಗಟ್ಟಲೆ ಕೆಮ್ಮು. ಒಂದು ಮಧ್ಯಾಹ್ನ ಟೀ ಲೋಟ ಹಿಡಿದುಕೊಂಡು ಗಾಜಿನ ರೂಮಿನ ಬಾಗಿಲ ಮುಂದೆ ನಿಂತಿದ್ದರು. ಒಳಗೆ ಬಿಳಿ ಲೈಟು, ಕಾಳು ಮಳೆಯಂತೆ ಬೀಳುತ್ತಿತ್ತು, ನೆಲ ಕನ್ನಡಿ.

'ಒಳಗೆ ಮಾಸ್ಕ್ ಬ್ಯಾಡ ಅಲ್ವಾ ಸಾರ್?' ಅಂದರು.

ಬೇಡ ಅಂದೆ.

'ಹಂಗಾರೆ ಒಂದ್ ಗಳಿಗೆ ಕೂತ್ಕಂಡು ಟೀ ಕುಡೀಲಾ?'

ಬಾಗಿಲು ತೆಗೆದೆ. ಟೆಕ್ನಿಷಿಯನ್ ಹುಡುಗ ಎದ್ದು ನಿಂತ. ಅಜ್ಜಿಯ ಸೀರೆಯನ್ನು, ತಲೆಯನ್ನು ನೋಡಿ, ಮುಜುಗರದಿಂದ ನನ್ನ ಕಡೆ ತಿರುಗಿದ. ಅಜ್ಜಿಗೆ ಅರ್ಥವಾಯಿತು. ಲೋಟ ನನ್ನ ಕೈಗೆ ಕೊಟ್ಟು ಹೊರಗೆ ಹೋಗಿ, ಸೆರಗು ಬಿಚ್ಚಿ ಜೋರಾಗಿ ಒಂದೆರಡು ಸಲ ಕೊಡವಿದರು. ಬಿಸಿಲಿನಲ್ಲಿ ಕಂದು ಮೋಡ ಎದ್ದಿತು. ಅದರ ನಡುವೆ ನಿಂತು ಕೆಮ್ಮುತ್ತಾ, ಇನ್ನೂ ಅಂಟಿದೆಯಾ ನೋಡಿ ಅಂತ ಬೆನ್ನು ತಿರುಗಿಸಿದರು.